ದೃಷ್ಟಿಬೊಟ್ಟು ಅಳಿಸಿದ ಮಾಸ್ತರರಿಗೆ

ಈ ತಿಂಗಳ ಅಂಚೆಯಿಂದ ಒಂದೇ ಒಂದು ಪತ್ರವನ್ನು ಎತ್ತಿಕೊಂಡಿದ್ದೇನೆ. ಉಳಿದವರು ಮುನಿಸಿಕೊಳ್ಳಬಾರದು. ಚಿತ್ರಕಲಾ ಶಿಕ್ಷಕರಾಗಿದ್ದು ನಿವೃತ್ತರಾಗಿರುವ ಧಾರವಾಡದ ಓದುಗರೊಬ್ಬರು ಬರೆದ ಪತ್ರ ಅದು. ಅದರ ಸಾರ ಹೀಗಿದೆ:

“ಫೆರಾರಿಯ ಹೊಸ ಹನ್ನೆರಡು ಸಿಲಿಂಡರಿನ ಕಾರಿನ ಬಗ್ಗೆ ನೀವು ಬರೆದದ್ದನ್ನು ಓದಿದೆ. ಇಂಜಿನ್ನಿಗೆ ಎರಡು ಪುಟ, ರೂಪಕ್ಕೆ ನಾಲ್ಕು ಸಾಲು. ಇದು ಅನ್ಯಾಯ. ಆ ಕಾರಿನ ಮೂತಿಯ ಮೇಲೆ ಅಡ್ಡಲಾಗಿ ಬಳಿದ ಕಪ್ಪು ಪಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದರೋಡೆಕೋರನಂತೆ ಕಾಣುತ್ತದೆ. ಹಿಂಭಾಗವಂತೂ ಗಾಜು ಒಡೆದ ಕಿಟಕಿಗೆ ತಗಡು ಹೊಡೆದಂತಿದೆ. ಆ ಪಟ್ಟಿ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ಚಿತ್ರ ಬರೆದು ಕಳುಹಿಸಿದ್ದೇನೆ, ನೋಡಿ. ಸೌಂದರ್ಯಕ್ಕೆ ಕಿವಿ ಬೇಕಿಲ್ಲ, ಕಣ್ಣು ಸಾಕು. ಇನ್ನೊಂದು ವಿನಂತಿ: ನಡುಪುಟದಲ್ಲಿ ಈ ಕಾರಿನ ದೊಡ್ಡ ಚಿತ್ರವನ್ನು ಹಾಕಿ.”

ಮಾಸ್ತರರೇ, ಮೊದಲು ನಿಮ್ಮ ಚಿತ್ರದ ಮಾತು. ಅದು ನನ್ನ ಮೇಜಿನ ಗಾಜಿನಡಿ ಸೇರಿ ಹತ್ತು ದಿನವಾಯಿತು. 2ಬಿ ಪೆನ್ಸಿಲ್ ಇರಬೇಕು. ಮುಂದಿನ ಚಕ್ರದ ಮೇಲಿನ ಉಬ್ಬನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಎಳೆದಿದ್ದೀರಿ. ನಮ್ಮ ಕಚೇರಿಯ ಕಲಾವಿದ ಅದನ್ನು ನೋಡಿ ಸುಮ್ಮನೆ ಹೋದ. ಅವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಆದರೆ ಮೂತಿಯ ಜಾಗದಲ್ಲಿ ರಬ್ಬರ್ ಉಜ್ಜಿದ ಗುರುತು ಕಾಣುತ್ತದೆ. ಮೊದಲು ನೀವೂ ಕಪ್ಪು ಪಟ್ಟಿಯನ್ನು ಬರೆದು, ಆಮೇಲೆ ಅಳಿಸಿದ್ದೀರಿ. ಅಳಿಸಿದ ಮೇಲೆ ಉಳಿದದ್ದೇನು? ಚಂದದ ಕಾರು ಉಳಿದಿದೆ, ಹೌದು. ಆದರೆ ಯಾವ ಕಂಪನಿಯದು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಹೆಸರು ಬರುತ್ತವೆ. ನಾನು ಕೇಳಿದ್ದೇನೆ, ನಾಲ್ವರಿಂದ ನಾಲ್ಕು ಹೆಸರು ಬಂದವು.

ನೀವು ದರೋಡೆಕೋರನನ್ನು ಕಂಡ ಕಡೆ ನನಗೆ ದೃಷ್ಟಿಬೊಟ್ಟು ಕಾಣುತ್ತದೆ. ಹೊಸ ಮನೆಗೆ ಬೂದುಗುಂಬಳ ಕಟ್ಟುವ, ಮಗುವಿನ ಕೆನ್ನೆಗೆ ಕಾಡಿಗೆ ಹಚ್ಚುವ ನಾಡಿನವರು ನಾವು, ನಮಗೇಕೆ ಇದು ಅರ್ಥವಾಗಬಾರದು? ತಮಾಷೆ ಬಿಡಿ, ಆ ಪಟ್ಟಿಗೆ ಒಂದು ವಂಶಾವಳಿ ಇದೆ. 1968ರ ಪ್ಯಾರಿಸ್ ಪ್ರದರ್ಶನದಲ್ಲಿ ಇದೇ ಫೆರಾರಿ 365 ಜಿಟಿಬಿ/4 ಎಂಬ ಕಾರನ್ನು ತಂದಿಟ್ಟಿತು. ಪಿನಿನ್‌ಫರೀನಾ ಎಂಬ ಕಾರು ವಿನ್ಯಾಸ ಸಂಸ್ಥೆಯಲ್ಲಿದ್ದ ಲಿಯೊನಾರ್ಡೊ ಫಿಯೊರವಂತಿ ಅದನ್ನು ರೂಪಿಸಿದವರು. ದೀಪಗಳನ್ನು ಎರಡು ಕಣ್ಣುಗಳಂತೆ ಇಡದೆ, ಮೂತಿಯ ಉದ್ದಕ್ಕೂ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಹಾಯಿಸಿ ಅದರ ಹಿಂದೆ ಕೂರಿಸಿದರು. ಅಮೆರಿಕದ ಕಾನೂನು ಒಪ್ಪಲಿಲ್ಲ. 1971ರಿಂದ ಪಟ್ಟಿ ಹೋಗಿ, ಬೇಕಾದಾಗ ಮೇಲೆದ್ದು ಬೇಡವಾದಾಗ ಮಲಗುವ ದೀಪಗಳು ಬಂದವು. 1967ರಲ್ಲಿ ಅಮೆರಿಕದ ಡೇಟೋನಾದ 24 ಗಂಟೆಗಳ ಪಂದ್ಯದಲ್ಲಿ ಮೊದಲ ಮೂರೂ ಸ್ಥಾನಗಳನ್ನು ಫೆರಾರಿ ಬಾಚಿಕೊಂಡಿತ್ತಲ್ಲ, ಅದಕ್ಕೆ ಪತ್ರಕರ್ತರು ಈ ಕಾರನ್ನು ‘ಡೇಟೋನಾ’ ಎಂದೇ ಕರೆದರು. ಕಂಪನಿ ಇಟ್ಟ ಹೆಸರನ್ನು ಸಂಗ್ರಹಕಾರರು ಬಿಟ್ಟರೆ ಬೇರೆ ಯಾರೂ ಹೇಳುವುದಿಲ್ಲ.

ಆ ಕಾರು ಬಂದಾಗಲೂ ಮೂಗು ಮುರಿದವರಿದ್ದರು. ಎರಡು ವರ್ಷ ಮೊದಲೇ ಲಂಬೋರ್ಗಿನಿಯವರು ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟು ಮಿಯೂರಾ ಮಾಡಿದ್ದರು. ಅದರ ಮುಂದೆ, ಉದ್ದ ಬಾನೆಟ್ಟಿನ ಕೆಳಗೆ ಇಂಜಿನ್ ಹೊತ್ತ ಡೇಟೋನಾ ಹಳೆಯ ಕಾಲದ ಯಜಮಾನನಂತೆ ಕಂಡಿತು. ಈಗ ಅದರ ಚಿತ್ರ ಹಾಕಿದರೆ ನಮ್ಮ ಪತ್ರಿಕೆಯ ಪ್ರತಿಗಳು ಮಾರಿ ಮುಗಿಯುತ್ತವೆ. ಪೋರ್ಷೆ 911ರ ಕಥೆಯೂ ಹಾಗೆಯೇ. 1997ರಲ್ಲಿ ದುಂಡು ದೀಪ ಬಿಟ್ಟು ಬೇರೆ ಆಕಾರದ್ದನ್ನು ಇಟ್ಟಾಗ ಅಭಿಮಾನಿಗಳು ‘ಹುರಿದ ಮೊಟ್ಟೆ’ ಎಂದು ಆಡಿಕೊಂಡರು. 2004ರಲ್ಲಿ ದುಂಡು ದೀಪ ಮರಳಿತು. ಆದರೆ ಅದೇ ಮೊಟ್ಟೆಯ ದೀಪದ 911 ಜಿಟಿ3 ಮಾದರಿಯನ್ನು ಇವತ್ತು ಓಡಿಸಿದವರನ್ನು ಕೇಳಿ ನೋಡಿ, ದೀಪದ ಸುದ್ದಿಯನ್ನೇ ಎತ್ತುವುದಿಲ್ಲ.

ನಿಮ್ಮ ಪಕ್ಷದಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಹಿಂಭಾಗ ನನಗೂ ಪೂರ್ತಿ ಒಗ್ಗಿಲ್ಲ. ಗಾಜು, ಅದರ ಎರಡು ಬದಿಯ ರೆಕ್ಕೆಗಳು ಎಲ್ಲವನ್ನೂ ಸೇರಿಸಿ ಕಪ್ಪು ತ್ರಿಕೋನ ಮಾಡಿದ್ದಾರೆ. ಗಂಟೆಗೆ 60ರಿಂದ 300 ಕಿ.ಮೀ. ವೇಗದ ನಡುವೆ, ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲು ಬೇಕಾದಾಗ ಆ ರೆಕ್ಕೆಗಳು ಹತ್ತು ಡಿಗ್ರಿಯಷ್ಟು ಮೇಲೇಳುತ್ತವಂತೆ. ದೊಡ್ಡ ರೆಕ್ಕೆ ಹೊರಗೆ ನಿಲ್ಲಿಸುವ ಬದಲು ಕಪ್ಪಿನೊಳಗೆ ಬಚ್ಚಿಟ್ಟಿದ್ದಾರೆ. ಇವರ ವಿನ್ಯಾಸ ವಿಭಾಗದ ಮುಖ್ಯಸ್ಥ ಫ್ಲಾವಿಯೊ ಮಂಜೋನಿ ಓದಿದ್ದು ವಾಸ್ತುಶಿಲ್ಪ. ಮನೆ ಕಟ್ಟುವವರಿಗೆ ಗಾಜು ಕಂಡರೆ ಕೈ ಸುಮ್ಮನಿರುವುದಿಲ್ಲ. ಅಷ್ಟನ್ನು ನಿಮಗೆ ಬಿಟ್ಟುಕೊಟ್ಟೆ.

ಆದರೆ ‘ಸೌಂದರ್ಯಕ್ಕೆ ಕಿವಿ ಬೇಕಿಲ್ಲ’ ಎಂಬ ಮಾತನ್ನು ಬಿಡಲಾರೆ. ಅದೂ ಧಾರವಾಡದಲ್ಲಿ ಕುಳಿತು! ಮಲ್ಲಿಕಾರ್ಜುನ ಮನಸೂರರು ಬಾಳಿದ ಊರಿನಿಂದ ಹೀಗೆ ಬರೆಯಲು ಕೈ ಹೇಗೆ ಬಂತು, ಮಾಸ್ತರರೇ? ಅವರ ಹಾಡನ್ನು ಯಾರಾದರೂ ಅವರ ಟೋಪಿ ನೋಡಿ ಅಳೆದರೇ?

ಲೆಕ್ಕ ಹೇಳುತ್ತೇನೆ ಕೇಳಿ. ಹನ್ನೆರಡು ಸಿಲಿಂಡರಿನ ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಹನ್ನೆರಡರಲ್ಲೂ ಒಂದೊಂದು ಬಾರಿ ಕಿಡಿ ಹೊತ್ತುತ್ತದೆ, ಅಂದರೆ ಒಂದು ಸುತ್ತಿಗೆ ಆರು ಬಾರಿ. ನಿಮಿಷಕ್ಕೆ 1,000 ಸುತ್ತು ಎಂದರೆ ಸೆಕೆಂಡಿಗೆ ನೂರು ಸ್ಫೋಟ. ಈ ಕಾರಿನ ಇಂಜಿನ್ 9,500 ಸುತ್ತಿನವರೆಗೆ ಏರುತ್ತದೆ; ಆಗ ಸೆಕೆಂಡಿಗೆ 950. ನೂರು ಇನ್ನೂರಾದರೆ ಒಂದು ಸಪ್ತಕ, ನಾನೂರಾದರೆ ಎರಡು, ಎಂಟುನೂರಾದರೆ ಮೂರು. ಮಂದ್ರದಲ್ಲಿ ಎದ್ದ ದನಿ ತಾರದ ತುದಿಯನ್ನೂ ದಾಟಿ ನಿಲ್ಲುತ್ತದೆ, ಒಂದೇ ಉಸಿರಿನಲ್ಲಿ. ಟರ್ಬೊ ಇದ್ದಿದ್ದರೆ ಹೊಗೆ ಹೋಗುವ ದಾರಿಯಲ್ಲೇ ಒಂದು ಗಾಳಿಚಕ್ರ ಕೂತು ಹಾಡುವವನ ಬಾಯಿಗೆ ಅಂಗವಸ್ತ್ರ ಹಿಡಿದಂತಾಗುತ್ತಿತ್ತು. ಇಲ್ಲಿ ಟರ್ಬೊ ಇಲ್ಲ, ವಿದ್ಯುತ್ ಮೋಟಾರಿನ ನೆರವೂ ಇಲ್ಲ. 6.5 ಲೀಟರ್, 830 ಅಶ್ವಶಕ್ತಿ, ಬರೀ ಉಸಿರಾಟದಿಂದ. ಲಂಬೋರ್ಗಿನಿಯ ಹನ್ನೆರಡಕ್ಕೆ ಈಗ ಮೋಟಾರು ಜೊತೆಯಾಗಿದೆ, ಆಸ್ಟನ್ ಮಾರ್ಟಿನ್ನಿನ ಹನ್ನೆರಡಕ್ಕೆ ಟರ್ಬೊ. ಹೀಗಿರುವಾಗ ಬರಿಗಂಟಲಲ್ಲಿ ಹಾಡುವವನ ಬಗ್ಗೆ ಎರಡು ಪುಟ ಬರೆದದ್ದು ಹೆಚ್ಚಾಯಿತೇ? ನನಗೆ ಕೇಳಿದರೆ ಕಡಿಮೆಯಾಯಿತು.

ಹೆಸರನ್ನೇ ನೋಡಿ: ‘ದೋಡಿಚಿ ಚಿಲಿಂದ್ರಿ’. ಇಟಾಲಿಯನ್ನಿನಲ್ಲಿ ಹಾಗೆಂದರೆ ಹನ್ನೆರಡು ಸಿಲಿಂಡರ್, ಅಷ್ಟೇ. 2024ರ ಮೇ ತಿಂಗಳಲ್ಲಿ ಮಯಾಮಿಯಲ್ಲಿ ಪರದೆ ಸರಿಸಿದಾಗ ಹೆಸರಿಡಲು ಬಾರದವರು ಎಂದು ನಕ್ಕವರೇ ಹೆಚ್ಚು. ನಮ್ಮ ಮಾರುಕಟ್ಟೆಯಲ್ಲಿ ಹಮಾಲರು ‘ಹನ್ನೆರಡು ಚಕ್ರದ ಲಾರಿ ಬಂತು’ ಎನ್ನುವುದಿಲ್ಲವೇ? ಅದಕ್ಕಿಂತ ಸ್ಪಷ್ಟವಾದ ಹೆಸರು ಇನ್ನಾವುದು? 1947ರಲ್ಲಿ ಫೆರಾರಿ ಹೆಸರು ಹೊತ್ತ ಮೊದಲ ಕಾರು 125 ಎಸ್ ಕೂಡ ಹನ್ನೆರಡು ಸಿಲಿಂಡರಿನದೇ, ಜೊಆಕಿನೊ ಕೊಲಂಬೊ ರೂಪಿಸಿದ ಇಂಜಿನ್. ಒಂದೊಂದು ಸಿಲಿಂಡರೂ ಸುಮಾರು 125 ಸಿಸಿ, ನಿಮ್ಮ ಮನೆಯ ಸ್ಕೂಟರಿನಷ್ಟು. ಆ ಹನ್ನೆರಡು ಸ್ಕೂಟರುಗಳಿಂದ ಶುರುವಾದ ಮನೆತನ ತನ್ನ ಹೆಸರನ್ನು ತಾನೇ ಹೇಳಿಕೊಂಡರೆ ನಗುವುದೇಕೆ?

ನಾನು ಈ ಕಾರನ್ನು ಓಡಿಸಿಲ್ಲ. ಭಾರತಕ್ಕೆ ಬಂದಾಗ ಶೋರೂಮ್ ಬೆಲೆಯೇ ಎಂಟೂವರೆ ಕೋಟಿ ಇತ್ತು. ನಮ್ಮ ಪತ್ರಿಕೆಯ ಚಂದಾ ಹಣ ನಿಮಗೆ ಗೊತ್ತೇ ಇದೆ. ಆದರೆ ಇದರ ಅಣ್ಣ 812ರಲ್ಲಿ ಪಕ್ಕದ ಸೀಟಿನಲ್ಲಿ ಹದಿನೈದು ನಿಮಿಷ ಕುಳಿತಿದ್ದೇನೆ. ಭಾನುವಾರ ನಸುಕಿನಲ್ಲಿ, ದೇವನಹಳ್ಳಿಯ ಕಡೆಗೆ. ಹೊರಡುವ ಮುನ್ನ ನಾನು ನೋಡಿದ್ದು ಮಾಲೀಕರ ಹೆಬ್ಬೆರಳನ್ನು. ಸ್ಟೀರಿಂಗಿನ ಮೇಲೆ, ಇಂಜಿನ್ ಶುರು ಮಾಡುವ ಒಂದು ಕೆಂಪು ಗುಂಡಿ. ಅವರು ನನ್ನೊಡನೆ ಮಾತಾಡುತ್ತಲೇ, ಅದರತ್ತ ನೋಡದೆ, ಹೆಬ್ಬೆರಳನ್ನು ಗುಂಡಿಯ ಅಂಚಿಗೆ ಸವರಿ ಒತ್ತಿದರು. ‘ಟಕ್’ ಎಂದಿತು. ಆಮೇಲಿನದು ನನ್ನ ಬೆನ್ನುಹುರಿಗೆ ಗೊತ್ತು. ಚಹಾ ಕುಡಿಯಲು ನಿಲ್ಲಿಸಿದಾಗ ಇಪ್ಪತ್ತು ಹುಡುಗರು ಮೊಬೈಲ್ ಹಿಡಿದು ಮುತ್ತಿಕೊಂಡರು. ಬಣ್ಣ ಕೇಳಿದರು, ಬೆಲೆ ಕೇಳಿದರು. ‘ಒಮ್ಮೆ ಶುರು ಮಾಡಿ, ಸದ್ದು ಕೇಳುತ್ತೇವೆ’ ಎಂದವನು ಒಬ್ಬನೇ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ.

ಹೊಸ ಕಾರಿನ ಬಗ್ಗೆ ನನಗೂ ಒಂದು ಸಿಟ್ಟಿದೆ, ಮಾಸ್ತರರೇ. ಅದು ಕಪ್ಪು ಪಟ್ಟಿಯದಲ್ಲ. ಆ ಕೆಂಪು ಗುಂಡಿಯನ್ನು ತೆಗೆದು, ಸ್ಟೀರಿಂಗಿನ ಮೇಲೆ ಸವರಿದರೆ ಕೆಲಸ ಮಾಡುವ ನುಣುಪು ಫಲಕ ಇಟ್ಟರಲ್ಲ, ಅದರದು. ನಿಮ್ಮ ಕಣ್ಣಿಗೆ ಅದು ಬೀಳಲೇ ಇಲ್ಲ! ಬೀಳುವುದೂ ಇಲ್ಲ, ಚಿತ್ರದಲ್ಲಿ ಎರಡೂ ಒಂದೇ. ಬೆರಳಿಗೆ ಮಾತ್ರ ಗೊತ್ತಾಗುವ ವ್ಯತ್ಯಾಸ ಅದು. ಅಭಿಮಾನಿಗಳೂ ಕೊಂಡವರೂ ಗೊಣಗಿದ್ದಕ್ಕೆ ಕಂಪನಿಗೂ ಬುದ್ಧಿ ಬಂತು. 2025ರ ಜುಲೈನಲ್ಲಿ ತಂದ ಅಮಾಲ್ಫಿ ಕಾರಿನಲ್ಲಿ ನಿಜವಾದ ಗುಂಡಿಗಳು ಮರಳಿವೆ. ಮೂತಿಯ ಬಗ್ಗೆ ಕೂಗಿದವರಿಂದ ಏನೂ ಬದಲಾಗಲಿಲ್ಲ, ಬೆರಳಿನ ಬಗ್ಗೆ ಕೂಗಿದವರಿಂದ ಬದಲಾಯಿತು. ಗೇರಿನ ವಿಷಯದಲ್ಲಿ ಮಾತ್ರ ನಾವು ಸೋತಿದ್ದೇವೆ. 599 ಮಾದರಿಯವರೆಗೆ ಕೇಳಿದವರಿಗೆ ಕ್ಲಚ್ ತುಳಿದು ಹಾಕುವ ಗೇರ್ ಕೊಡುತ್ತಿದ್ದರು, 2012ರ ಎಫ್12ರಿಂದ ಅದೂ ನಿಂತಿತು.

ನನ್ನ ಸೋದರಮಾವನ ಬಳಿ ಪ್ರೀಮಿಯರ್ ಪದ್ಮಿನಿ ಇತ್ತು. ಆಗುಂಬೆ ಘಾಟಿಯಲ್ಲಿ ರಾತ್ರಿ ಮಳೆ ಹಿಡಿದರೆ ಮಾವನ ಎಡಗೈ ಕತ್ತಲಲ್ಲಿ ತಾನಾಗಿ ವೈಪರಿನ ಗುಂಡಿಗೆ ಹೋಗುತ್ತಿತ್ತು. ಕಣ್ಣು ತಿರುವಿನ ಮೇಲೆಯೇ. ಆ ಕಾರಿಗೆ ರೂಪವೆಂಬುದು ಏನಿತ್ತು ಹೇಳಿ? ಇಸ್ತ್ರಿ ಪೆಟ್ಟಿಗೆಗೆ ನಾಲ್ಕು ಚಕ್ರ. ಕಳೆದ ಮಳೆಗಾಲದಲ್ಲಿ ಅದೇ ಘಾಟಿಯನ್ನು ಬಾಡಿಗೆಗೆ ತಂದ ಹೊಸ ಕಾರಿನಲ್ಲಿ ಹತ್ತಿದೆ. ಗಾಜಿಗೆ ಮಂಜು ಕಟ್ಟಿತು. ಮಂಜು ತೆಗೆಯುವ ಗಾಳಿಯನ್ನು ಟಚ್ ಪರದೆಯೊಳಗೆ, ಒಂದು ಮೆನುವಿನ ಅಡಿಯ ಇನ್ನೊಂದು ಮೆನುವಿನಲ್ಲಿ ಹೂತಿಟ್ಟಿದ್ದರು. ಹುಡುಕಿ ತಲೆ ಎತ್ತುವಷ್ಟರಲ್ಲಿ ಎದುರಿಗೆ ಬಸ್ಸಿನ ದೀಪ. ಹೆಂಡತಿ ಆ ಪ್ರವಾಸದಲ್ಲಿ ಮುಂದೆ ನನ್ನೊಡನೆ ಮಾತಾಡಿದ್ದು ಶೃಂಗೇರಿಯಲ್ಲಿ.

ಇದು ಮುದುಕನ ಗೊಣಗಾಟವಲ್ಲ ಎನ್ನಲು ಪುರಾವೆ ಬೇಕೇ? 2022ರಲ್ಲಿ ಸ್ವೀಡನ್ನಿನ ‘ವಿ ಬಿಲೇಗರೆ’ ಎಂಬ ಕಾರು ಪತ್ರಿಕೆ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತ ರೇಡಿಯೊ, ಹವೆ, ದೀಪ ಮುಂತಾದ ನಾಲ್ಕು ಸಣ್ಣ ಕೆಲಸ ಮಾಡಬೇಕು. ಗುಂಡಿಗಳಿದ್ದ 2005ರ ಹಳೆಯ ವೋಲ್ವೊದಲ್ಲಿ ಹತ್ತು ಸೆಕೆಂಡು ಸಾಕಾಯಿತು. ಪರದೆ ತುಂಬಿದ ಹೊಸ ಕಾರುಗಳಲ್ಲಿ ಕೊನೆಯ ಸ್ಥಾನದ್ದಕ್ಕೆ 44 ಸೆಕೆಂಡಿಗೂ ಮೇಲೆ ಹಿಡಿಯಿತು. ಅಷ್ಟರಲ್ಲಿ ಕಾರು ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿತ್ತು! ಯುರೋಪಿನ ಸುರಕ್ಷತಾ ಪರೀಕ್ಷಕರಾದ ಯೂರೊ ಎನ್‌ಕ್ಯಾಪ್‌ನವರು ಇಂಡಿಕೇಟರ್, ಹಾರನ್, ವೈಪರ್‌ಗಳಿಗೆ ನಿಜವಾದ ಗುಂಡಿಯೋ ಲಿವರೋ ಇಲ್ಲದಿದ್ದರೆ 2026ರಿಂದ ಅಂಕ ಕಳೆಯುವುದಾಗಿ ಹೇಳಿದ್ದಾರೆ. ಪತ್ರಿಕೆಗಳು ಮಾಡಬೇಕಾದ ಕೆಲಸ ಇದು. ನಮಗೆ ಬರುವ ಪತ್ರಗಳಲ್ಲಿ ಏನಿರುತ್ತದೆ? ಯಾವ ಬಣ್ಣ ಚೆನ್ನ, ಗಾಲಿಯ ಅಲಾಯ್ ಎಷ್ಟು ಇಂಚು, ಚಾವಣಿಯ ಗಾಜು ತೆರೆಯುತ್ತದೆಯೇ. ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ ಎಂದು ಕೇಳಿದ ಪತ್ರ ಎರಡು ವರ್ಷದಲ್ಲಿ ಮೂರು ಬಂದಿವೆ. ಕಡತದಲ್ಲಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.

ನಮ್ಮ ತಂದೆಯ ಯೆಜ್ದಿ ಬೈಕು ಮೈಸೂರಿನಲ್ಲೇ ತಯಾರಾದದ್ದು. ಅದು ಬೀದಿ ತಿರುಗುವಾಗಲೇ ಹಿಂದೆ ಅಕ್ಕಿಮೂಟೆ ಇದೆಯೋ ಇಲ್ಲವೋ ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು. ಅದರ ಬಣ್ಣ ಯಾವುದಿತ್ತು ಎಂದು ಮೊನ್ನೆ ಕೇಳಿದೆ. ಕಪ್ಪು ಎಂದಳು. ಅಣ್ಣ ಮರೂನ್ ಎನ್ನುತ್ತಾನೆ.

ಇನ್ನು ನಡುಪುಟದ ಚಿತ್ರ. ಹಿರಿಯರು ಕೇಳಿದ್ದೀರಿ, ಇಲ್ಲ ಎನ್ನಲಾರೆ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತುಂಬ ಹಾಕುತ್ತೇವೆ. ಈ ಕಾರಿನ ಬಾನೆಟ್ಟಿಗೆ ಕೀಲು ಇರುವುದು ಮೂತಿಯ ಕಡೆ. ಗಾಜಿನ ಕಡೆಯಿಂದ ಎದ್ದು ಮುಂದಕ್ಕೆ ಬಾಗುತ್ತದೆ. ಚಾಲಕನ ಕಡೆಯಿಂದ ತೆಗೆದ ಚಿತ್ರವನ್ನೇ ಆರಿಸಿದ್ದೇವೆ. ಇಂಜಿನ್ ಪೂರ್ತಿ ಕಾಣುತ್ತದೆ. ಕಪ್ಪು ಪಟ್ಟಿ ಎದ್ದ ಬಾನೆಟ್ಟಿನ ಮರೆಗೆ ಹೋಗಿದೆ, ರಬ್ಬರ್ ಬೇಕಾಗುವುದಿಲ್ಲ.

— ಸಂ.