ಖಾಕಿ ಕೋಟು ಬ್ಯಾಗಿನೊಳಗೆ ಯಾಕಿದೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಮನಸ್ಸು ಬೇರೆ ಕಡೆ ಹೋಗಲೇ ಇಲ್ಲ. ಉಳಿದವರು ಕ್ಷಮಿಸಬೇಕು, ಇವತ್ತು ಇದೊಂದಕ್ಕೇ ಉತ್ತರ.

ಬರೆದವರಿಗೆ 37 ವರ್ಷ. ಸರ್ಕಾರಿ ಬಸ್ಸಿನಲ್ಲಿ 14 ವರ್ಷದಿಂದ ಕಂಡಕ್ಟರ್. ಪಿಯುಸಿ ಆದ ಮೇಲೆ ಓದು ನಿಂತುಹೋಗಿತ್ತು. ಮಗಳು ಹೈಸ್ಕೂಲಿಗೆ ಬಂದಳು, ಇವರು ಧೈರ್ಯ ಮಾಡಿ ಸಂಜೆ ಕಾಲೇಜಿನಲ್ಲಿ ಬಿಕಾಂ ಸೇರಿದರು. ಮೊದಲ ದಿನ ಉಪನ್ಯಾಸಕರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ಊರು, ಹಾಬಿ ಹೇಳಿಸಿದರಂತೆ. ಹುಡುಗರು ಕ್ರಿಕೆಟ್ ಎಂದರು, ಹುಡುಗಿಯರು ಡ್ಯಾನ್ಸ್, ರೀಲ್ಸ್ ಎಂದರು. ಕೊನೆಯ ಬೆಂಚಿಗೆ ಬಂದಾಗ ಉಪನ್ಯಾಸಕರು "ಆಂಟಿ, ಈಗ ನೀವು ಹೇಳಿ" ಎಂದರು. ಕ್ಲಾಸೆಲ್ಲ ನಕ್ಕಿತು. ಇವರು ಎದ್ದು ಹೆಸರು, ಊರು ಹೇಳಿ, "ಮನೇಲೇ ಇರ್ತೀನಿ ಸರ್" ಎಂದು ಕೂತುಬಿಟ್ಟರು.

ಎರಡು ತಿಂಗಳು ಹಾಗೇ ಕಳೆಯಿತು. ಹೋದ ವಾರ ಅದೇ ಕ್ಲಾಸಿನ ಹುಡುಗಿಯೊಬ್ಬಳು ಇವರ ಬಸ್ ಹತ್ತಿದ್ದಾಳೆ. ಇವರು ಕೆಮ್ಮು ಬಂದವರ ಹಾಗೆ ಮುಖಕ್ಕೆ ಕರ್ಚೀಫು ಹಿಡಿದು, ಟಿಕೆಟ್ ಹರಿದು ಕೊಟ್ಟು, ಸರಸರ ಹಿಂದಿನ ಸೀಟುಗಳ ಕಡೆ ಹೋದರು. ಈಗ ಕಾಲೇಜಿಗೆ ಹೊಸ ಮೇಡಂ ಒಬ್ಬರು ಬರುತ್ತಿದ್ದಾರೆ. ಸೋಮವಾರ ಮತ್ತೆ ಪರಿಚಯ. "ನಿಜ ಹೇಳಿದರೆ ಸುಳ್ಳಿ ಅನ್ನಿಸಿಕೊಳ್ಳುತ್ತೇನೆ. ಹಳೇ ಮಾತನ್ನೇ ಹೇಳಿದರೆ ಆ ಹುಡುಗಿ ಬಾಯಿ ಬಿಡುತ್ತಾಳೆ. ಏನಂತ ಪರಿಚಯ ಮಾಡಿಕೊಳ್ಳಲಿ? ಕಾಲೇಜೇ ಬಿಟ್ಟುಬಿಡಲಾ?" ಎಂದು ಕೇಳಿದ್ದಾರೆ.

ತಂಗೀ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಪತ್ರದ ಎರಡನೇ ಪುಟದಲ್ಲಿ, ಇನ್ನೇನೋ ಹೇಳುವ ನಡುವೆ, ನೀವು ಒಂದು ಸಾಲು ಬರೆದಿದ್ದೀರಿ. "ಡಿಪೋದಿಂದ ಬಂದು, ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಬಟ್ಟೆ ಬದಲಾಯಿಸಿಕೊಂಡು ಹೋಗುವಷ್ಟರಲ್ಲಿ ಮೊದಲ ಪೀರಿಯಡ್ ಶುರುವಾಗಿ ಹದಿನೈದು ನಿಮಿಷ ಆಗಿರುತ್ತೆ. ಹಾಜರಿ ಸಿಗಲ್ಲ, ಇರಲಿ ಪರವಾಗಿಲ್ಲ."

ಪರವಾಗಿಲ್ಲ ಅಂತ ಹೇಗೆ ಬರೆದಿರಿ?

ನಿಮ್ಮ ಮೊದಲ ಪೀರಿಯಡ್ ಅಕೌಂಟೆನ್ಸಿ ಎಂದು ನೀವೇ ಹೇಳಿದ್ದೀರಿ. ಆ ವಿಷಯಕ್ಕೋಸ್ಕರವೇ ಬಿಕಾಂ ಸೇರಿದೆ ಎಂದೂ ಹೇಳಿದ್ದೀರಿ. ನಮ್ಮ ಪದವಿ ಕಾಲೇಜುಗಳಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಅದು ನಿಮಗೂ ಗೊತ್ತು. ಎರಡು ತಿಂಗಳಿಂದ ಆ ಪೀರಿಯಡ್‌ನ ಹಾಜರಿ ಹೋಗುತ್ತಿದೆ. ಕಾಲೇಜು ಬಿಡಲಾ ಎಂದು ನನ್ನನ್ನು ಕೇಳುತ್ತೀರಿ. ದಿನಕ್ಕೆ ಹದಿನೈದು ನಿಮಿಷದಂತೆ ಬಿಡುತ್ತಲೇ ಇದ್ದೀರಲ್ಲ! ಒಂದೇ ಒಂದು ಮಾತು ಮುಚ್ಚಿಡಲು ಖಾಕಿ ಕೋಟನ್ನು ಮಡಚಿ ಬ್ಯಾಗಿಗೆ ತುರುಕುತ್ತೀರಿ. ಒದ್ದೆ ನೆಲದಲ್ಲಿ ಒಂದು ಕಾಲ ಮೇಲೆ ನಿಂತು ಬಟ್ಟೆ ಬದಲಿಸುತ್ತೀರಿ. ಅಷ್ಟರಲ್ಲಿ ಅಲ್ಲಿ ಬೋರ್ಡಿನ ಮೇಲೆ ಲೆಕ್ಕ ಅರ್ಧ ಮುಗಿದಿರುತ್ತದೆ. ನನಗೆ ನಿದ್ದೆ ಕೆಡಿಸಿದ್ದು ಆ ಶೌಚಾಲಯ. ನೀವು ಹೇಳಿದ ಸುಳ್ಳಲ್ಲ.

ಸುಳ್ಳಿನ ವಿಷಯ ಬೇಗ ಮುಗಿಸುತ್ತೇನೆ. ಎಲ್ಲರೂ ನಗುತ್ತಿರುವಾಗ ಎದ್ದು ನಿಂತವರ ಬಾಯಲ್ಲಿ ಏನು ಬರುತ್ತದೋ ಅದು ಬಂತು. ಅದಕ್ಕಾಗಿ ನಿಮ್ಮನ್ನು ನಾನು ಬೈಯುವುದಿಲ್ಲ. ಆದರೆ "ಮನೇಲೇ ಇರ್ತೀನಿ" ಎಂಬ ಮಾತನ್ನು ಇನ್ನು ಯಾರ ಮುಂದೆಯೂ ಆಡಬೇಡಿ. ಮನೆಯಲ್ಲಿರುವ ಹೆಂಗಸರೂ ಸುಮ್ನೆ ಇರುವುದಿಲ್ಲ, ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ.

ನನ್ನ ಸಿಟ್ಟೆಲ್ಲ ಇರುವುದು ಆ ಉಪನ್ಯಾಸಕರ ಮೇಲೆ. ನೀವು ಅವರನ್ನು ಬಿಟ್ಟುಕೊಡುತ್ತಿಲ್ಲ. "ಸರ್ ತುಂಬ ಒಳ್ಳೆಯವರು, ತಮಾಷೆಗೆ ಅಂದರು" ಎಂದು ಬರೆದಿದ್ದೀರಿ. ಒಳ್ಳೆಯವರೇ ಇರಬಹುದು. ಆದರೆ ತರಗತಿಗೆ ಬಂದವರು ವಿದ್ಯಾರ್ಥಿ. ಅವರಿಗೊಂದು ಹೆಸರಿದೆ, ಹಾಜರಿ ಪುಸ್ತಕದಲ್ಲಿ ಒಂದು ನಂಬರಿದೆ. ಮೇಷ್ಟ್ರಾದವರು ಆಂಟಿ ಎಂದಮೇಲೆ ಅರವತ್ತು ಮಕ್ಕಳು ಬೇರೇನನ್ನುತ್ತಾರೆ? ಇನ್ನೊಂದು ಮಾತು. ಸಂಜೆ ಕಾಲೇಜಿನಲ್ಲಿ ನಿಂತು ಹಾಬಿ ಕೇಳುವುದೇ? ಹಗಲು ಏನು ಕೆಲಸ ಮಾಡುತ್ತೀರಿ ಎಂದು ಕೇಳಬೇಕಿತ್ತು. ಆ ಒಂದು ಪ್ರಶ್ನೆ ಮೊದಲ ಬೆಂಚಿನಿಂದಲೇ ಶುರುವಾಗಿದ್ದರೆ ನಿಮ್ಮ ಸರದಿ ಬರುವ ಹೊತ್ತಿಗೆ ನಿಮಗೆ ನಾಚಿಕೆಯೇ ಆಗುತ್ತಿರಲಿಲ್ಲ. ಯೋಚಿಸಿ ನೋಡಿ, ಹತ್ತೊಂಬತ್ತರ ಆ ಹುಡುಗ ಬೆಳಗಿನ ಕಾಲೇಜು ಬಿಟ್ಟು ಸಂಜೆ ಯಾಕೆ ಬರುತ್ತಾನೆ? ಕ್ರಿಕೆಟ್ ಎಂದನಲ್ಲ, ಅವನು ಹಗಲು ಮೊಬೈಲ್ ಅಂಗಡಿಯಲ್ಲೋ, ಗೋಡೌನಿನಲ್ಲೋ ನಿಂತು ಬಂದಿರಬಹುದು. ಅವನನ್ನೂ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ನಾನು 1981ರಲ್ಲಿ ಬೆಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಬಿಎ ಓದಿದವಳು. ಹಗಲು ಟೈಪಿಸ್ಟ್ ಕೆಲಸ. ನಮ್ಮ ಕ್ಲಾಸಿನಲ್ಲಿ ಎಚ್‌ಎಂಟಿಯವರಿದ್ದರು, ಅಂಚೆ ಕಚೇರಿಯವರಿದ್ದರು, ಬಿನ್ನಿ ಮಿಲ್ಲಿನಿಂದ ಬರುವ ಒಬ್ಬರಿದ್ದರು. ಅವರ ಕಿವಿಯ ಮೇಲಿನ ಕೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡೇ ಇರುತ್ತಿತ್ತು. ಕೊಡವಿಕೊಂಡು ಬರಲು ಅವರಿಗೆ ಪುರುಸೊತ್ತೆಲ್ಲಿ? ಮೊದಲ ದಿನ ಪಕ್ಕದಲ್ಲಿ ಕೂತವರು ನನ್ನ ಹೆಸರು ಕೇಳಿದ ಮೇಲೆ ಕೇಳಿದ ಎರಡನೇ ಮಾತು "ಯಾವ ಶಿಫ್ಟು?" ಎಂದು. ಅದು ಕುತೂಹಲಕ್ಕೆ ಕೇಳಿದ್ದಲ್ಲ. ಮಿಲ್ಲಿನವರಿಗೆ ಎರಡನೇ ಶಿಫ್ಟ್ ಬಿದ್ದ ವಾರ ಅವರು ಬರುವುದಿಲ್ಲ ಎಂದು ನಮಗೆ ಗೊತ್ತಿರುತ್ತಿತ್ತು. ಆ ವಾರ ನಾನು ಕಾರ್ಬನ್ ಹಾಳೆ ಇಟ್ಟು ನೋಟ್ಸ್ ಬರೆಯುತ್ತಿದ್ದೆ. ನನ್ನ ಆಫೀಸಿನಲ್ಲಿ ಮಾರ್ಚ್ ತಿಂಗಳ ಲೆಕ್ಕ ಮುಗಿಯದೆ ತಡವಾದಾಗ ಅವರು ನನಗಾಗಿ ಬರೆಯುತ್ತಿದ್ದರು. ಕೆಲಸ ಮಾಡುತ್ತಾ ಓದುವವರ ಪರಿಚಯ ಅಂದರೆ ಇಷ್ಟೇ. ನಾನು ಯಾವಾಗ ಬರಲಾರೆ, ಬರದ ದಿನ ನನ್ನ ಪಾಠ ಯಾರ ಹತ್ತಿರ ಸಿಗುತ್ತದೆ ಎಂದು ತಿಳಿಯುವುದು. ಕೆಲಸ ಮುಚ್ಚಿಟ್ಟವರಿಗೆ ನೋಟ್ಸ್ ಕೊಡುವವರಿಲ್ಲ. ಮನೆಯಲ್ಲೇ ಇರುವವರು ಯಾಕೆ ದಿನಾ ತಡವಾಗಿ ಬರುತ್ತಾರೆ ಎಂದು ನಿಮ್ಮ ಕ್ಲಾಸಿನವರು ಅಂದುಕೊಂಡಿರುವುದಿಲ್ಲವೇ?

ಇನ್ನು ನಿಮ್ಮ ಕೆಲಸ. "ಬರೀ ಕಂಡಕ್ಟರ್" ಎಂದು ಮೂರು ಕಡೆ ಬರೆದಿದ್ದೀರಿ. ಆ ಬರೀ ಎಲ್ಲಿಂದ ಬಂತು? ದಿನವೂ ವೇಬಿಲ್ ಎಂಬ ಟಿಕೆಟ್ ಲೆಕ್ಕದ ಹಾಳೆ ಬರೆದು, ಮೆಷಿನ್ನಿನ ಲೆಕ್ಕಕ್ಕೂ ಕೈಯಲ್ಲಿರುವ ಹಣಕ್ಕೂ ತಾಳೆ ಹಾಕಿ, ಚಿಲ್ಲರೆ ಎಣಿಸಿ ಕಟ್ಟಿ ಬರುತ್ತೀರಿ. ಒಂದು ರೂಪಾಯಿ ಕಡಿಮೆ ಬಂದರೂ ಕೈಯಿಂದ ಹಾಕಬೇಕು. ಪುಸ್ತಕದಲ್ಲಿ ಕ್ಯಾಶ್ ಬುಕ್ ಎಂದು ಓದುತ್ತೀರಲ್ಲ, ಅದನ್ನು ನೀವು 14 ವರ್ಷದಿಂದ ನಿಂತುಕೊಂಡೇ, ಅದೂ ಬ್ರೇಕ್ ಹಾಕಿದಾಗ ಕಂಬಿ ಹಿಡಿದುಕೊಂಡು ಬರೆಯುತ್ತಿದ್ದೀರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುತ್ತೀರಿ. ಪ್ರಯಾಣಿಕರು ದುಡ್ಡು ಕೊಡುವುದಿಲ್ಲ, ಆದರೆ ಟಿಕೆಟ್ ಹರಿಯಲೇಬೇಕು. ಯಾಕೆ? ಆ ಟಿಕೆಟ್ಟಿನ ಬೆಲೆ ಸರ್ಕಾರದಿಂದ ನಿಗಮಕ್ಕೆ ಬರಬೇಕಾದ ಬಾಕಿ. ಕೈಗೆ ಹಣ ಬರದಿದ್ದರೂ ಆದಾಯ ಆಗಿದೆ ಎಂದು ಬರೆದುಕೊಳ್ಳುವ ಈ ಪದ್ಧತಿ ಅಕೌಂಟೆನ್ಸಿಯಲ್ಲಿ ಹೊಸಬರಿಗೆ ತಲೆಗೆ ಹತ್ತದ ವಿಷಯ. ನೀವು ಅದನ್ನು ದಿನಕ್ಕೆ ನೂರಾರು ಸಲ ಮಾಡುತ್ತೀರಿ. ಆ ಕ್ಲಾಸಿನಲ್ಲಿ ಇದನ್ನು ಬಿಡಿಸಿ ಹೇಳಲು ನಿಮಗಿಂತ ಯೋಗ್ಯರು ಯಾರಿದ್ದಾರೆ?

ನಮ್ಮ ನಾಡಿನಲ್ಲಿ ಹೆಸರಿಗಿಂತ ಮೊದಲು ಕೆಲಸ ಹೇಳಿಕೊಂಡವರಿದ್ದರು. ಹನ್ನೆರಡನೇ ಶತಮಾನದ ಶರಣರನ್ನು ನೋಡಿ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆಯುವವರು, ಎಲೆಅಡಿಕೆ ಚೀಲ ಹಿಡಿಯುವವರು, ಬಿದ್ದ ಅಕ್ಕಿ ಆಯುವವರು. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ಜನರನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು ಅವನ ಕಾಯಕ, ನಿಮ್ಮದೂ ಅದೇ.

ಈಗ ನಿಮ್ಮ ಪ್ರಶ್ನೆ. ಸೋಮವಾರ ಏನು ಹೇಳಬೇಕು ಎಂದು ನಾನು ಬರೆದುಕೊಡುವುದಿಲ್ಲ. ಮಾಡಬೇಕಾದ್ದು ಒಂದೇ. ಡಿಪೋದಲ್ಲಿ ಹಣ ಕಟ್ಟಿ ಹೊರಬಂದ ಮೇಲೆ ಬಸ್ ಸ್ಟ್ಯಾಂಡಿನ ಶೌಚಾಲಯದ ಕಡೆ ತಿರುಗಬೇಡಿ. ಖಾಕಿ ಕೋಟಿನಲ್ಲೇ ನೇರ ಕಾಲೇಜಿಗೆ ಹೋಗಿ. ಪಾಠ ಶುರುವಾಗುವ ಮುಂಚೆ ಹೋಗಿ, ಮೊದಲ ಅಥವಾ ಎರಡನೇ ಬೆಂಚಿನಲ್ಲಿ ಕೂರಿ. ನಿಮ್ಮ ಸರದಿ ಬಂದಾಗ ಅರ್ಧ ಪರಿಚಯವನ್ನು ಆ ಕೋಟೇ ಮಾಡಿರುತ್ತದೆ. ನೀವು ಹೆಸರು ಹೇಳಿ, ಎಷ್ಟು ಗಂಟೆಗೆ ಡ್ಯೂಟಿ ಮುಗಿಯುತ್ತದೆ ಎಂದು ಹೇಳಿ, ಕೂತುಬಿಡಿ. ಮೊದಲ ದಿನ ಬೇರೆ ಹೇಳಿದ್ದಿರಲ್ಲ ಎಂದು ಯಾರಾದರೂ ಕೇಳಿದರೆ, "ಅವತ್ತು ನಾಚಿಕೆ ಆಯ್ತು, ಹೇಳಲಿಲ್ಲ" ಎನ್ನಿ. ಅದಕ್ಕಿಂತ ಜಾಸ್ತಿ ವಿವರಣೆ ಯಾರಿಗೂ ಬೇಕಿಲ್ಲ. ಹಳೇ ಸರ್ ಮತ್ತೆ ಆಂಟಿ ಎಂದರೆ, "ಸರ್, ಹೆಸರು ಹಿಡಿದು ಕರೀರಿ" ಎನ್ನಿ. ನಗುತ್ತಾ ಬೇಡ, ಸಾದಾ ದನಿಯಲ್ಲಿ ಹೇಳಿ.

ಉಳಿದದ್ದು ಆ ಹುಡುಗಿ. ಅವಳ ಬಗ್ಗೆ ನಿಮಗೆ ಇಲ್ಲದ ಭಯ. ಟಿಕೆಟ್ ತೆಗೆದುಕೊಂಡು "ಥ್ಯಾಂಕ್ಸ್ ಅಕ್ಕ" ಎಂದಳು ಎಂದು ಬರೆದಿದ್ದೀರಿ. ಕ್ಲಾಸಿನಲ್ಲಿ ಆಂಟಿ ಎಂದು ನಕ್ಕವರ ನಡುವೆ ಇದ್ದವಳು ಬಸ್ಸಿನಲ್ಲಿ ಅಕ್ಕ ಎಂದಿದ್ದಾಳೆ. ಅವಳು ಗುರುತು ಹಿಡಿದಿದ್ದಾಳೆ ಎಂದೇ ನನಗನ್ನಿಸುತ್ತದೆ. ವಾರವಾದರೂ ಯಾರಿಗೂ ಹೇಳಿಲ್ಲ. ಅಂಥವಳ ಮುಂದೆ ಕರ್ಚೀಫು ಹಿಡಿದು ನಿಂತಿರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಶೂನ್ಯ ಟಿಕೆಟ್ಟಿಗೆ ಅವಳ ಕಾರ್ಡ್ ನೋಡಿರುತ್ತೀರಿ, ಅವಳ ಹೆಸರು ನಿಮಗೆ ಗೊತ್ತು. ಮುಂದಿನ ಸಲ ಬಸ್ ಹತ್ತಿದಾಗ ಆ ಹೆಸರಿನಿಂದಲೇ ಮಾತಾಡಿಸಿ. ಟಿಕೆಟ್ ಹರಿದು ಕೈಗಿಡುವಾಗಲೇ ಎರಡು ತಿಂಗಳ ಅಕೌಂಟ್ಸ್ ನೋಟ್ಸ್ ಇದೆಯಾ ಎಂದು ಕೇಳಿ. ದಿನಾ ಮೊದಲ ಹದಿನೈದು ನಿಮಿಷ ಏನು ಪಾಠ ಆಯಿತು ಎಂದು ಅವಳು ಬರೆದುಕೊಂಡಿರುತ್ತಾಳೆ.