ಹೊಲಿಗೆ ಕಲಿತರೆ ಸಾಕಾ?

ಪ್ರಶ್ನೆ: ಬೈಲಕುಪ್ಪೆಯ ಟಿಬೆಟಿಯನ್ನರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೊಲ, ಹೋಟೆಲು, ಅಂಗಡಿ ಅಂತ ದುಡಿದು ತಿನ್ನುತ್ತಾರೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ರೋಹಿಂಗ್ಯಾ ಹೆಂಗಸರಿಗೂ ಹೊಲಿಗೆ ಕಲಿಸುತ್ತಾರಂತೆ. ಆದರೂ ಅವರು ಇನ್ನೂ ರೇಷನ್ನನ್ನೇ ನಂಬಿಕೊಂಡಿದ್ದಾರಲ್ಲ, ಯಾಕೆ? ನಮ್ಮ ಸಂಘದಿಂದ ಇಂಥ ತರಬೇತಿಗೆ ಹಣ ಕೊಡಬಹುದಾ?
– ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಕಲಿತವರನ್ನು ದುಡಿಯಲು ಬಿಡಬೇಕಲ್ವಾ? ತೊಡಕು ಇರುವುದೇ ಅಲ್ಲಿ.

ನಿಮ್ಮ ಪಕ್ಕದ ಬೈಲಕುಪ್ಪೆಯನ್ನೇ ನೋಡಿ. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಅಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಬಾರ್ಲಿ ಬೆಳೆದು ಯಾಕ್ ಸಾಕಿದ್ದ ಜನ, ಇಲ್ಲಿನ ಬಿಸಿಲು, ಆನೆ ಕಾಟ ಎಲ್ಲ ತಡೆದುಕೊಂಡು ಕಾಡು ಸವರಿ ಮುಸುಕಿನ ಜೋಳ ಹಾಕಿದರು. ಬೆನ್ನಿಗೆ ಸಹಕಾರ ಸಂಘವಿತ್ತು. ಹಾಗಂತ ಹೊಲವೊಂದರಿಂದಲೇ ಹೊಟ್ಟೆ ತುಂಬಲಿಲ್ಲ. ಚಳಿಗಾಲ ಬಂತೆಂದರೆ ಲೂಧಿಯಾನದಿಂದ ಸ್ವೆಟರ್ ತಂದು ಊರೂರಿನ ಫುಟ್‌ಪಾತ್ ಮೇಲೆ ಮಾರುತ್ತಾರೆ, ನಾವೂ ಚೌಕಾಸಿ ಮಾಡಿ ಕೊಂಡವರೇ. ಆ ವ್ಯಾಪಾರವನ್ನು ಯಾವ ತರಬೇತಿ ಕೇಂದ್ರವೂ ಕಲಿಸಲಿಲ್ಲ. ಊರು ಸುತ್ತಿ ಮಾರಲು ಅಡ್ಡಿಯಿರಲಿಲ್ಲ, ಅಷ್ಟೇ. ಹೊಲ ಇವತ್ತಿಗೂ ಅವರ ಸ್ವಂತದ್ದಲ್ಲ, ಅದು ಬೇರೆ ಮಾತು.

ಕಾಕ್ಸ್ ಬಜಾರ್‌ನಲ್ಲಿ ಇದ್ಯಾವುದೂ ಇಲ್ಲ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಓಡಿಬಂದರು. ಬಿದಿರು, ಟಾರ್ಪಾಲಿನ ಗುಡಿಸಲು, ಸುತ್ತ ತಂತಿಬೇಲಿ. ಶಿಬಿರ ದಾಟಿ ಕೆಲಸಕ್ಕೆ ಹೋಗಲು ಕಾನೂನು ಬಿಡುವುದಿಲ್ಲ. ಊರಲ್ಲಿ ಮೀನು ಹಿಡಿದವರು, ಗದ್ದೆ ಮಾಡಿದವರು ಸುಮ್ನೆ ಕೂತಿದ್ದಾರೆ. ಕೂಲಿ ದರ ಬಿದ್ದುಹೋಗುತ್ತೆ ಅನ್ನೋ ಸ್ಥಳೀಯರ ಭಯವನ್ನೂ ತಳ್ಳಿಹಾಕುವಂತಿಲ್ಲ, ಅವರೂ ಬಡವರೇ. ಇದಕ್ಕೆ ಬದಲಾಗಿ ಜೋರ್ಡನ್ ದೇಶ 2016ರಲ್ಲಿ, ಹೊರದೇಶಗಳ ನೆರವು ಸಿಗುತ್ತೆ ಅಂದಾಗ, ಸಿರಿಯಾ ನಿರಾಶ್ರಿತರಿಗೆ ಕೆಲಸದ ಪರವಾನಗಿ ಕೊಡಲು ಒಪ್ಪಿತು. ಅದೂ ಹೊಲ, ಕಟ್ಟಡ, ಕಾರ್ಖಾನೆ ಅಂತ ಕೆಲವೇ ಕೆಲಸಗಳಿಗೆ.

ಹಣ ಖಂಡಿತ ಕೊಡಿ. ಶಿಬಿರದೊಳಗೇ ಬಟ್ಟೆ ಹೊಲಿಯುವವರು, ಸೋಲಾರ್ ದೀಪ ರಿಪೇರಿ ಮಾಡುವವರು ಬೇಕು, ಆ ಕಲಿಕೆ ದಂಡವಲ್ಲ. ಆದರೆ ದುಡ್ಡು ಕೇಳಿದವರು ಎಷ್ಟು ಜನಕ್ಕೆ ಸರ್ಟಿಫಿಕೇಟ್ ಕೊಟ್ಟೆವು ಅಂತ ಫೋಟೋ ತೋರಿಸಿದರೆ ಎರಡೇ ಮಾತು ಕೇಳಿ: ಕಳೆದ ವರ್ಷ ಕಲಿತವರು ಈಗ ಏನು ಮಾಡುತ್ತಿದ್ದಾರೆ? ಹೊಲಿದ ಬಟ್ಟೆಯನ್ನು ಯಾರು ಕೊಳ್ಳುತ್ತಾರೆ? ಉತ್ತರಕ್ಕೆ ತಡವರಿಸಿದರೆ ಇನ್ನೊಬ್ಬರನ್ನು ಹುಡುಕಿ.