ಫೋನ್ ಕೆಳಗಿಡಿ, ಫೈಲಿನ ಹೆಸರು ಬದಲಿಸಿ

ಮಾನ್ಯ ಸಂಪಾದಕರೇ,
ಪತ್ತಿನ ಸಹಕಾರ ಸಂಘವೊಂದರ ಲೆಕ್ಕಪತ್ರದ ವೆಬ್ ತಂತ್ರಾಂಶವನ್ನು ಜ್ಯಾಂಗೋ ಎಂಬ ಪೈಥಾನ್ ಚೌಕಟ್ಟಿನಲ್ಲಿ ಬರೆದು, ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ಬಡ್ಡಿ ತೋರಿಸುವ ಸ್ಕ್ರಿಪ್ಟಿನ ತಪ್ಪೊಂದನ್ನು ತಿದ್ದಿ ಸರ್ವರಿಗೆ ಹಾಕಿದೆ. ಕೆಲವು ಶಾಖೆಗಳಲ್ಲಿ ಅಂದೇ ಹೊಸದು ಬಂತು. ಕೆಲವು ಕಡೆ ವಾರ ಕಳೆದರೂ ಹಳೆಯ ಲೆಕ್ಕವೇ. ಒಬ್ಬೊಬ್ಬರಿಗೂ ಫೋನ್ ಮಾಡಿ ಕಂಟ್ರೋಲ್ ಎಫ್5 ಒತ್ತಿಸಿದೆ. ಬ್ರೌಸರ್ ಫೈಲುಗಳನ್ನು ತನ್ನಲ್ಲೇ ಉಳಿಸಿಕೊಳ್ಳುವ ಕ್ಯಾಶನ್ನು ಪೂರ್ತಿ ನಿಲ್ಲಿಸಿಬಿಡಲೇ? ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟನ್ನು ಹೊರಗಿನ ಸಿಡಿಎನ್‌ನಿಂದ (ಎಲ್ಲ ತಾಣಗಳಿಗೂ ಫೈಲು ಹಂಚುವ ಸರ್ವರ್ ಜಾಲ) ತರಿಸುತ್ತಿದ್ದೇನೆ, ಸರಿಯೇ? ಹದಿನಾಲ್ಕು ಸ್ಕ್ರಿಪ್ಟುಗಳಿವೆ, ಒಂದೇ ಫೈಲಿಗೆ ಸೇರಿಸಬೇಕೇ?
— ಓದುಗ, ಶಿವಮೊಗ್ಗ ಜಿಲ್ಲೆ

ಪ್ರಿಯ ಓದುಗರೇ,

ಸಹಕಾರ ಸಂಘದ ಗುಮಾಸ್ತರಿಗೆ ಫೋನ್ ಮಾಡಿ ‘ಕ್ಯಾಶ್ ಖಾಲಿ ಮಾಡಿ’ ಎನ್ನದೆ, ಕೀಲಿಯ ಹೆಸರಷ್ಟನ್ನೇ ಹೇಳಿದಿರಲ್ಲ, ಅಷ್ಟರಮಟ್ಟಿಗೆ ನೀವು ಜಾಣರು. ಆದರೆ ಆ ಕೀಲಿ ಒಂದು ಕಂಪ್ಯೂಟರಿನ ರೋಗಕ್ಕೆ ಮಾತ್ರ ಮದ್ದು. ಮುಂದಿನ ತಿದ್ದುಪಡಿಗೆ ಮತ್ತೆ ಅಷ್ಟೂ ಶಾಖೆಗಳಿಗೆ ಫೋನ್ ಮಾಡಬೇಕಾಗುತ್ತದೆ.

ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಏಕೆ ಬಂತು ಎಂಬುದನ್ನು ಮೊದಲು ನೋಡೋಣ. ಫೈಲನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ನಿಮ್ಮ ಸರ್ವರ್ ಬಹುಶಃ ಹೇಳಿಯೇ ಇಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ತಾನಾಗಿ ಕಳುಹಿಸುವುದು ಫೈಲು ಕೊನೆಯ ಬಾರಿ ಬದಲಾದ ದಿನಾಂಕವನ್ನು ಮತ್ತು ಇಟ್ಯಾಗ್ ಎಂಬ ಗುರುತನ್ನು. ಅವಧಿಯನ್ನು ನೀವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಧಿ ಕಾಣದ ಬ್ರೌಸರ್ ತಾನೇ ಅಂದಾಜು ಹಾಕುತ್ತದೆ. ಫೈಲು ಬದಲಾಗಿ ಎಷ್ಟು ಕಾಲವಾಗಿದೆಯೋ ಅದರ ಶೇ. 10ರಷ್ಟು ಎಂಬುದು ರೂಢಿಯ ಲೆಕ್ಕ. ಎಚ್‌ಟಿಟಿಪಿ ಕ್ಯಾಶಿನ ಮಾನಕವೇ ಅದನ್ನು ಉದಾಹರಣೆಯಾಗಿ ಹೇಳುತ್ತದೆ. ನೂರು ದಿನ ಮುಟ್ಟದೆ ಬಿಟ್ಟಿದ್ದ ಸ್ಕ್ರಿಪ್ಟನ್ನು ನೀವು ತಿದ್ದುವ ಹಿಂದಿನ ದಿನ ಇಳಿಸಿಕೊಂಡ ಶಾಖೆ, ಇನ್ನು ಸುಮಾರು ಹತ್ತು ದಿನ ಸರ್ವರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಕೊನೆಯ ಬಾರಿ ಸರ್ವರನ್ನು ಕೇಳಿ ಎರಡು ವಾರವಾಗಿದ್ದ ಶಾಖೆ ಅಂದೇ ಕೇಳಿ ಹೊಸದನ್ನು ಪಡೆಯುತ್ತದೆ. ಗುಮಾಸ್ತರ ತಪ್ಪಿಲ್ಲ, ಬ್ರೌಸರಿನದೂ ಇಲ್ಲ.

ಹಾಗೆಂದು ಕ್ಯಾಶನ್ನೇ ನಿಲ್ಲಿಸುವುದು ಇಲಿಗೆ ಹೆದರಿ ಕಣಜಕ್ಕೆ ಬೆಂಕಿ ಇಟ್ಟಂತೆ. ಪುಟ ತೆರೆದಾಗಲೆಲ್ಲ ಹದಿನಾಲ್ಕೂ ಸ್ಕ್ರಿಪ್ಟುಗಳು ಮತ್ತೆ ಇಳಿಯಬೇಕು. ಮಳೆಗಾಲದ ಮಲೆನಾಡಿನ ಇಂಟರ್ನೆಟ್ಟಿನಲ್ಲಿ ಅದೇನಾಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವನ್ನು ನೆನೆಯಿರಿ. ಹಳೆಯ ಪಂಚಾಂಗದ ಒಳಪುಟಗಳನ್ನು ಯಾರೂ ಸದ್ದಿಲ್ಲದೆ ಬದಲಿಸುವುದಿಲ್ಲ. ಯುಗಾದಿಗೆ ಹೊಸ ಸಂವತ್ಸರದ ಹೆಸರು ಹೊತ್ತ ಹೊಸ ಪಂಚಾಂಗವೇ ಬರುತ್ತದೆ; ಹೆಸರು ನೋಡಿದ ಕೂಡಲೇ ಯಾವುದು ಯಾವುದೆಂದು ತಿಳಿಯುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಒಳಗಿನ ಒಂದು ಅಕ್ಷರ ಬದಲಾದರೂ ಫೈಲಿನ ಹೆಸರು ಬದಲಾಗಬೇಕು. ಆಗ ಹಳೆಯ ಹೆಸರಿನದನ್ನು ಬ್ರೌಸರ್ ವರ್ಷಗಟ್ಟಲೆ ಇಟ್ಟುಕೊಂಡರೂ ಚಿಂತೆಯಿಲ್ಲ, ಅದನ್ನು ಕೇಳುವವರೇ ಇರುವುದಿಲ್ಲ. (ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ನಿಮ್ಮ ತಂತ್ರಾಂಶ ಅಷ್ಟು ಕಾಲ ಬಾಳಲಿ ಎಂದು ಹಾರೈಸುತ್ತೇನೆ, ಆದರೆ ಇಲ್ಲಿ ಆ ಭಯವಿಲ್ಲ.)

ಈ ಹೆಸರನ್ನು ಕೈಯಿಂದ ಬರೆಯಲು ಹೋಗಬೇಡಿ. ಮೂರನೆಯ ಸಲ ಖಂಡಿತ ಮರೆಯುತ್ತೀರಿ. ಫೈಲಿನ ಒಳಗಿನ ಪಠ್ಯದಿಂದಲೇ ಹ್ಯಾಶ್ (ಪಠ್ಯ ಬದಲಾದರೆ ತಾನೂ ಬದಲಾಗುವ ಪುಟ್ಟ ಗುರುತು) ತೆಗೆದು ಹೆಸರಿಗೆ ಜೋಡಿಸುವ ಪದ್ಧತಿಯನ್ನು ರೂಬಿ ಆನ್ ರೈಲ್ಸ್ ಎಂಬ ವೆಬ್ ಚೌಕಟ್ಟು 2011ರಲ್ಲಿ, ತನ್ನ 3.1ನೆಯ ಆವೃತ್ತಿಯಲ್ಲೇ ಅಳವಡಿಸಿಕೊಂಡಿತು. ನಿಮ್ಮ ಜ್ಯಾಂಗೋದಲ್ಲಿ ಅದಕ್ಕೆ ಮ್ಯಾನಿಫೆಸ್ಟ್ ಸ್ಟ್ಯಾಟಿಕ್ ಫೈಲ್ಸ್ ಸ್ಟೋರೇಜ್ ಎಂಬ ಉದ್ದದ ಹೆಸರಿದೆ; 1.7ನೆಯ ಆವೃತ್ತಿಯಿಂದಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೂಚಿಸಿ, ಫೈಲುಗಳನ್ನು ಒಂದೆಡೆ ಸೇರಿಸುವ ಕಲೆಕ್ಟ್‌ಸ್ಟ್ಯಾಟಿಕ್ ಆಜ್ಞೆ ಓಡಿಸಿದರೆ ಪ್ರತಿ ಫೈಲಿನ ಹೆಸರಿನಲ್ಲೂ ಹನ್ನೆರಡು ಅಕ್ಷರಗಳ ಹ್ಯಾಶ್ ಸೇರುತ್ತದೆ. ಯಾವ ಹೆಸರು ಏನಾಯಿತು ಎಂಬ ಪಟ್ಟಿಯೂ ಪಕ್ಕದಲ್ಲೇ ತಯಾರಾಗುತ್ತದೆ. ಪುಟದ ಅಚ್ಚಾದ ಟೆಂಪ್ಲೇಟಿನಲ್ಲಿ ವಿಳಾಸವನ್ನು ನೇರವಾಗಿ ಬರೆಯದೆ ಸ್ಟ್ಯಾಟಿಕ್ ಟ್ಯಾಗ್ ಬಳಸಿದ್ದರೆ ಸರಿಯಾದ ಹೆಸರು ತಾನಾಗಿ ಬಂದು ಕೂರುತ್ತದೆ. ಒಂದು ಎಚ್ಚರಿಕೆ: ಡಿಬಗ್ (ತಪ್ಪು ಹುಡುಕಲು ಬಳಸುವ ಸ್ಥಿತಿ) ಚಾಲೂ ಇರುವಾಗ ಇದು ಕೆಲಸ ಮಾಡುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿಲ್ಲದ ಫೈಲನ್ನು ಟೆಂಪ್ಲೇಟು ಕೇಳುತ್ತಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನೂ ಕಾಣದೆ, ಶಾಖೆಯವರ ಮುಂದೆ ಪುಟವೇ ಮುರಿದು ಬೀಳುತ್ತದೆ. ಡಿಬಗ್ ನಿಲ್ಲಿಸಿ ಒಮ್ಮೆ ಎಲ್ಲ ಪುಟ ತೆರೆದು ನೋಡಿ.

ಇಷ್ಟಾದ ಮೇಲೆ ಎಂಜಿನ್‌ಎಕ್ಸ್‌ನಲ್ಲಿ ಈ ಫೈಲುಗಳಿಗೆ 31536000 ಸೆಕೆಂಡು, ಅಂದರೆ ಒಂದು ವರ್ಷದ ಅವಧಿ ಬರೆದು, ಪಕ್ಕದಲ್ಲಿ ಇಮ್ಮ್ಯೂಟಬಲ್ (ಎಂದೂ ಬದಲಾಗದು) ಎಂದು ಸೇರಿಸಿ. ಎಚ್‌ಟಿಎಂಎಲ್ ಪುಟಗಳಿಗೆ ಮಾತ್ರ ಈ ಔದಾರ್ಯ ಬೇಡ. ಹೊಸ ಹೆಸರನ್ನು ತಿಳಿಸುವುದೇ ಅವು. ಅವಕ್ಕೆ ನೋ-ಕ್ಯಾಶ್ ಸಾಕು. ಹೆಸರು ಕೇಳಿ ಮೋಸಹೋಗಬೇಡಿ: ‘ಇಟ್ಟುಕೋ, ಆದರೆ ಬಳಸುವ ಮುನ್ನ ಪ್ರತಿ ಸಲ ನನ್ನನ್ನು ಕೇಳು’ ಎಂಬುದು ಅದರ ಅರ್ಥ. ಇಟ್ಟುಕೊಳ್ಳಲೇಬೇಡ ಎನ್ನುವುದು ನೋ-ಸ್ಟೋರ್. ಸದಸ್ಯರ ಖಾತೆಯ ಪುಟಗಳಿಗೆ ಅದನ್ನೇ ಬಳಸಿ.

ಈಗ ನಮ್ಮ ಮನೆಯ ಮಾತೊಂದು. ನಮ್ಮ ಪತ್ರಿಕೆಯ ಜಾಲತಾಣದ ಕನ್ನಡ ಫಾಂಟಿನಲ್ಲಿ ಒತ್ತಕ್ಷರವೊಂದು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತಿತ್ತು. ಸರಿಪಡಿಸಿದ ಫಾಂಟನ್ನು ಹಾಕಿದೆವು. ಓದುಗರೊಬ್ಬರು ಹದಿನೈದು ದಿನ ಬಿಡದೆ ಬರೆದರು, ಒತ್ತು ಇನ್ನೂ ಸರಿಯಾಗಿಲ್ಲ ಎಂದು. ನಿಮ್ಮ ಮೊಬೈಲ್ ಹಳೆಯದಿರಬೇಕು ಎಂದು ನಾನೇ ಠೀವಿಯಿಂದ ಉತ್ತರಿಸಿದ್ದೆ. ಆಮೇಲೆ ನೋಡಿದರೆ, ಪುಟದ ಅಂದವನ್ನು ಹೇಳುವ ಸ್ಟೈಲ್‌ಶೀಟಿನ ಹೆಸರೇನೋ ಬದಲಾಗಿದೆ, ಅದರೊಳಗೆ ಕರೆದಿದ್ದ ಫಾಂಟಿನ ಹೆಸರು ಹಾಗೆಯೇ ಇದೆ! ಸ್ಟೈಲ್‌ಶೀಟಿನೊಳಗಿನ ವಿಳಾಸಗಳನ್ನೂ ಜ್ಯಾಂಗೋದ ಈ ಸಲಕರಣೆ ತಿದ್ದಿ ಬರೆಯುತ್ತದೆ, ನಿಜ. ಆದರೆ ನಮ್ಮವರು ಫಾಂಟಿನ ವಿಳಾಸವನ್ನು ಎಚ್‌ಟಿಟಿಪಿಎಸ್‌ನಿಂದ ಶುರುಮಾಡಿ ಪೂರ್ತಿಯಾಗಿ ಬರೆದಿದ್ದರು, ಅಂಥದನ್ನು ಅದು ಮುಟ್ಟುವುದಿಲ್ಲ. ಆ ಓದುಗರ ಕ್ಷಮೆ ಕೇಳಿ ಪತ್ರ ಬರೆದೆ. ನೀವೂ ವಿಳಾಸಗಳನ್ನು ಸ್ಟೈಲ್‌ಶೀಟು ಇರುವ ಜಾಗದಿಂದ ಲೆಕ್ಕ ಹಿಡಿದೇ ಬರೆಯಿರಿ. ಸ್ಕ್ರಿಪ್ಟಿನೊಳಗೆ ಚಿತ್ರದ ಹೆಸರು ಬರೆದಿದ್ದರೆ ಅದನ್ನೂ ಈ ಸಲಕರಣೆ ಕಾಣದು.

ಹೊಸ ಆವೃತ್ತಿ ಹಾಕುವ ಕ್ರಮವೂ ಮುಖ್ಯ. ಮೊದಲು ಕಲೆಕ್ಟ್‌ಸ್ಟ್ಯಾಟಿಕ್, ಆಮೇಲೆ ತಂತ್ರಾಂಶದ ಮರುಚಾಲನೆ. ತಿರುವುಮುರುವಾದರೆ, ತಂತ್ರಾಂಶ ಶುರುವಾಗುವಾಗ ಓದಿಕೊಂಡ ಹಳೆಯ ಪಟ್ಟಿಯನ್ನೇ ಹಿಡಿದು, ಪುಟ ಹಳೆಯ ಹೆಸರನ್ನೇ ಕೇಳುತ್ತದೆ. ಜಾಗ ಉಳಿಸುವ ಆಸೆಗೆ, ಹಳೆಯ ಫೈಲುಗಳನ್ನೆಲ್ಲ ಅಳಿಸುವ ಕ್ಲಿಯರ್ ಆಯ್ಕೆಯನ್ನು ಬಳಸಬೇಡಿ. ಹಳೆಯ ಪುಟವನ್ನು ಇನ್ನೂ ಇಟ್ಟುಕೊಂಡಿರುವ ಶಾಖೆಗೆ ಹಳೆಯ ಸ್ಟೈಲ್‌ಶೀಟು ಸಿಗದೆ, ಬಣ್ಣವಿಲ್ಲದ ಬರಿಯ ಅಕ್ಷರಗಳ ಸಾಲು ಕಾಣುತ್ತದೆ. ಹಿಂದಿನ ಎರಡು ಮೂರು ಆವೃತ್ತಿಗಳು ಅಲ್ಲೇ ಬಿದ್ದಿರಲಿ.

ಸಿಡಿಎನ್ ಬಗ್ಗೆ ನನ್ನ ಅಭಿಪ್ರಾಯ ನೇರ: ಜೆಕ್ವೆರಿಯನ್ನು ನಿಮ್ಮ ಸರ್ವರಿಗೇ ತಂದಿಟ್ಟುಕೊಳ್ಳಿ. ಬೇರೆ ತಾಣದಲ್ಲಿ ಇಳಿಸಿಕೊಂಡ ಜೆಕ್ವೆರಿ ನಮ್ಮ ತಾಣಕ್ಕೂ ಪುಕ್ಕಟೆ ಒದಗುತ್ತದೆ ಎಂಬುದು ಒಂದು ಕಾಲದ ವಾದ. ಈಗ ಬ್ರೌಸರುಗಳು ಪ್ರತಿ ತಾಣದ ಕ್ಯಾಶನ್ನೂ ಬೇರೆ ಬೇರೆಯಾಗಿ ಇಡುತ್ತವೆ. ಕ್ರೋಮ್ 2020ರಿಂದ, ಫೈರ್‌ಫಾಕ್ಸ್ 2021ರಿಂದ. ಲಾಭ ಹೋಯಿತು, ಅಪಾಯ ಉಳಿಯಿತು. ಪಾಲಿಫಿಲ್ ಎಂಬ ಉಪಯುಕ್ತ ಸ್ಕ್ರಿಪ್ಟನ್ನು ಹಂಚುತ್ತಿದ್ದ ವಿಳಾಸ 2024ರಲ್ಲಿ ಕೈಬದಲಾಗಿ, ಅದನ್ನು ನಂಬಿದ್ದ ಲಕ್ಷಕ್ಕೂ ಹೆಚ್ಚು ತಾಣಗಳ ಪುಟಗಳಿಗೆ ಕೇಡಿನ ಸ್ಕ್ರಿಪ್ಟು ನುಗ್ಗುವ ದಾರಿ ತೆರೆಯಿತು. ಹಣದ ಲೆಕ್ಕ ಬರೆಯುವ ಪುಟದಲ್ಲಿ ಅಂಥ ನಂಟು ಬೇಡ. ಬಿಡಲೇ ಆಗದಿದ್ದರೆ ಇಂಟೆಗ್ರಿಟಿ ಎಂಬ ಗುಣಲಕ್ಷಣದಲ್ಲಿ ಫೈಲಿನ ಹ್ಯಾಶ್ ಬರೆಯಿರಿ. ಬಂದ ಫೈಲು ಅದಕ್ಕೆ ತಾಳೆಯಾಗದಿದ್ದರೆ ಬ್ರೌಸರ್ ಅದನ್ನು ಓಡಿಸುವುದಿಲ್ಲ.

ಹದಿನಾಲ್ಕು ಸ್ಕ್ರಿಪ್ಟುಗಳನ್ನು ಒಂದಾಗಿಸುವ ಅವಸರವಿಲ್ಲ. ಒಂದು ತಾಣಕ್ಕೆ ಬ್ರೌಸರ್ ಏಕಕಾಲಕ್ಕೆ ಆರೇ ಸಂಪರ್ಕ ತೆರೆಯುತ್ತಿದ್ದ ದಿನಗಳ ಚಿಂತೆ ಅದು. ಸರ್ವರಿನಲ್ಲಿ ಎಚ್‌ಟಿಟಿಪಿ/2 (ಎಚ್‌ಟಿಟಿಪಿಯ ಎರಡನೆಯ ಆವೃತ್ತಿ) ಚಾಲೂ ಮಾಡಿದರೆ ಎಲ್ಲವೂ ಒಂದೇ ಸಂಪರ್ಕದಲ್ಲಿ ಬರುತ್ತವೆ. ಒಂದಾಗಿಸಿದರೆ ಒಂದು ಅಲ್ಪವಿರಾಮ ತಿದ್ದಿದರೂ ಇಡೀ ಕಂತೆ ಮತ್ತೆ ಇಳಿಯಬೇಕಲ್ಲ! ಸ್ಕ್ರಿಪ್ಟ್ ಟ್ಯಾಗುಗಳಿಗೆ ಡಿಫರ್ (ಪುಟ ಓದಿ ಮುಗಿದ ಮೇಲೆ ಓಡು ಎಂಬ ಸೂಚನೆ) ಸೇರಿಸಿ, ಫೈಲನ್ನು ಕುಗ್ಗಿಸಿ ಕಳುಹಿಸುವ ಜಿಜಿಪ್ ಚಾಲೂ ಇದೆಯೇ ನೋಡಿ, ಸದ್ಯಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ಮಾಡಿದರೂ ತಪ್ಪದ ತೊಡಕು ಒಂದುಂಟು. ಬೆಳಿಗ್ಗೆ ಹತ್ತಕ್ಕೆ ಪುಟ ತೆರೆದು ಸಂಜೆಯವರೆಗೂ ಮುಚ್ಚದ ಗುಮಾಸ್ತರ ಪರದೆಯಲ್ಲಿ ಓಡುತ್ತಿರುವುದು ಬೆಳಗಿನ ಸ್ಕ್ರಿಪ್ಟೇ; ಮಧ್ಯಾಹ್ನ ನೀವು ಬದಲಿಸಿದ ಹೆಸರು ಅವರಿಗೆ ತಲುಪುವುದು ಪುಟ ಮತ್ತೆ ತೆರೆದಾಗ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಇದೇ: ಬಡ್ಡಿಯ ಲೆಕ್ಕ ಬ್ರೌಸರಿನಲ್ಲೇಕೆ ನಡೆಯುತ್ತಿದೆ? ಪರದೆಯ ಮೇಲೆ ಅಂದಾಜು ತೋರಿಸಲು ಸ್ಕ್ರಿಪ್ಟು ಇರಲಿ, ಖಾತೆಗೆ ಏರುವ ಮೊತ್ತವನ್ನು ಸರ್ವರೇ ಲೆಕ್ಕ ಹಾಕಲಿ. ಪುಟ ತನ್ನ ಆವೃತ್ತಿಯ ಸಂಖ್ಯೆಯನ್ನೂ ಪ್ರತಿ ಬಾರಿ ಕಳುಹಿಸಲಿ. ಅದು ಹಳೆಯದಾಗಿದ್ದರೆ ‘ಪುಟವನ್ನು ಮತ್ತೆ ತೆರೆಯಿರಿ’ ಎಂದು ಸರ್ವರ್ ಹೇಳಲಿ.

ಮತ್ತು ಕಳೆದ ತಿಂಗಳು ಹಳೆಯ ಸ್ಕ್ರಿಪ್ಟು ಉಳಿದಿದ್ದ ಶಾಖೆಗಳಲ್ಲಿ ಆ ವಾರ ಮುದ್ರಿಸಿದ ಬಡ್ಡಿ ರಸೀದಿಗಳನ್ನು ತರಿಸಿಕೊಂಡು, ಖಾತೆಯ ಜೊತೆ ಒಮ್ಮೆ ತಾಳೆ ನೋಡಿ. ಲೆಕ್ಕಪರಿಶೋಧಕರು ಬರುವ ಮೊದಲೇ ನೋಡಿ.

— ಸಂ.